ಸರ್ನೇಲಿಸ್ ಮಾಮನ ಬಲಗಣ್ಣಿಗೆ ಕಂಡ ಕಲ್ಲು

ಗಾರ್ನೆಟ್ ಕಲ್ಲನ್ನು ಯಾರಾದರೂ ಹೀಯಾಳಿಸಿದರೆ ನನಗೆ ಸಿಟ್ಟು ಬರುತ್ತದೆ. ನಮ್ಮ ದ್ವೀಪದಲ್ಲಿ ರತ್ನಪುರದ ಸುತ್ತ ಎಲ್ಲೇ ಗುಂಡಿ ತೋಡಿ, ಮೊದಲು ಸಿಗುವುದು ಅದೇ. ಬುಟ್ಟಿಗಟ್ಟಲೆ ಸಿಗುತ್ತದೆ, ಅದಕ್ಕೇ ಅದಕ್ಕೆ ಬೆಲೆಯಿಲ್ಲ. ಆದರೆ ಅದರಷ್ಟು ಮರ್ಯಾದಸ್ಥ ಕಲ್ಲು ಇನ್ನೊಂದಿಲ್ಲ ಅಂತ ನಾನು ಯಾವ ದೇವರ ಮುಂದೆ ಬೇಕಾದರೂ ಹೇಳುತ್ತೇನೆ. ಮಾಣಿಕ್ಯ ನೋಡಿ, ಈ ಕಡೆಯಿಂದ ಒಂದು ಕೆಂಪು, ಆ ಕಡೆ ತಿರುಗಿಸಿದರೆ ಇನ್ನೊಂದು ಕೆಂಪು. ಗಾರ್ನೆಟ್ಟು ಹೇಗೆ ತಿರುಗಿಸಿದರೂ ಒಂದೇ ಬಣ್ಣ. ಮಾಣಿಕ್ಯದಲ್ಲಿ ನೇರಳೆ ಛಾಯೆ ಇದ್ದರೆ ಸುಣ್ಣ ಮೆತ್ತಿ ತೆಂಗಿನ ಚಿಪ್ಪಿನ ಇದ್ದಿಲಿನಲ್ಲಿಟ್ಟು ಊದಿ ಊದಿ ಅದನ್ನು ಕೆಂಪು ಮಾಡಿಬಿಡುತ್ತಾರೆ. ಗಾರ್ನೆಟ್ಟಿಗೆ ಹಾಗೆ ಬೆಂಕಿ ತೋರಿಸಿದರೆ ಕಪ್ಪಗಾಗಿ ಕೂರುತ್ತದೆ, ನಿಮ್ಮ ಆಸೆಗೆ ಬಣ್ಣ ಬದಲಿಸುವುದಿಲ್ಲ. ಜೋಯಿಸರು ಸೂರ್ಯನಿಗೆ ಮಾಣಿಕ್ಯ ಹಾಕಿಕೋ ಅಂದಾಗ ಕೈಲಾಗದವರು ಗಾರ್ನೆಟ್ ಹಾಕಿಕೊಳ್ಳುತ್ತಾರೆ. ಸೂರ್ಯ ಇದುವರೆಗೂ ಯಾರ ಹತ್ತಿರವೂ ದೂರು ಹೇಳಿಲ್ಲ.

ಇಂಥ ಪಾಪದ ಕಲ್ಲೊಂದು ನನ್ನನ್ನು ಕಳ್ಳ ಅನ್ನಿಸಿತು. ಅನ್ನಿಸಿದವನು ನಮ್ಮ ಸರ್ನೇಲಿಸ್ ಮಾಮ.

ನಮ್ಮ ಗುಂಡಿ ಗದ್ದೆಯ ನಡುವೆ ಇತ್ತು. ಐದು ಜನ ಪಾಲುದಾರರು. ಗದ್ದೆಯ ಯಜಮಾನನಿಗೆ ಒಂದು ಪಾಲು, ನೀರೆತ್ತುವ ಪಂಪು ನನ್ನದಾದ್ದರಿಂದ ನನಗೊಂದು. ಆ ಹಳೇ ಪಂಪಿನ ದೆಸೆಯಿಂದ ನನ್ನನ್ನು ಎಲ್ಲರೂ ‘ಮುದಲಾಳಿ’ ಅಂತ ಕರೆಯುತ್ತಿದ್ದರು. ಧಣಿ ಅಂತ ಅರ್ಥ. ಕರೆಯುವಾಗ ನಗುತ್ತಿದ್ದರು, ಅದು ಬೇರೆ ಮಾತು. ಉಳಿದವರು ಒಬ್ಬ ಅಗೆಯುವವನು, ಸರ್ನೇಲಿಸ್ ಮಾಮ, ಮತ್ತು ಮಾಮನ ಹೆಂಡತಿಯ ತಮ್ಮ ಬಾಬುನಪ್ಪು.

ಗುಂಡಿಯಲ್ಲಿ ಯಾರು ಬೇಕಾದರೂ ಅಗೆಯಬಹುದು, ಮಣ್ಣು ಹೊರಬಹುದು. ಬುಟ್ಟಿ ಹಿಡಿಯುವುದು ಮಾತ್ರ ಒಬ್ಬನೇ. ಕೆಳಗಿನಿಂದ ತೆಗೆದ ಇಲ್ಲಮ, ಅಂದರೆ ಹರಳು ಬೆರೆತ ಜಲ್ಲಿಮಣ್ಣು, ವಾರಗಟ್ಟಲೆ ರಾಶಿ ಬೀಳುತ್ತದೆ. ಒಳ್ಳೆಯ ದಿನ ನೋಡಿ, ಸಮನ್ ದೇವರಿಗೆ ದೀಪ ಹಚ್ಚಿ, ಸೊಂಟದ ಮಟ್ಟ ನೀರಲ್ಲಿ ನಿಂತು ಅದನ್ನು ಬುಟ್ಟಿಯಲ್ಲಿ ಗರಗರ ತಿರುಗಿಸುತ್ತಾರೆ. ಮಣ್ಣು ಮರಳು ಹೊರಗೆ ಹಾರಿ ಕಲ್ಲು ತಳದಲ್ಲಿ ಉಳಿಯುತ್ತದೆ. ಬುಟ್ಟಿ ಹಿಡಿದವನು ಅದನ್ನು ಬಿಸಿಲಿಗೆ ವಾಲಿಸಿ, ಬೇಕಾದ್ದನ್ನು ಆರಿಸಿ, ಬೇಡದ್ದನ್ನು ಪಕ್ಕದ ದಿಬ್ಬಕ್ಕೆ ಎಸೆಯುತ್ತಾನೆ. ಅವನು ಬಾಯಿಬಿಟ್ಟು ಇದು ಇಂಥ ಕಲ್ಲು ಅನ್ನುವ ತನಕ ಬೇರೆ ಯಾರೂ ಹೆಸರು ಹೇಳಕೂಡದು. ಅವನು ಹೇಳಿದ ಮೇಲೆ ಅಲ್ಲ ಅನ್ನಕೂಡದು. ಅಂದರೆ ಗುಂಡಿಯ ಭಾಗ್ಯ ಮುನಿಸಿಕೊಂಡು ಹೋಗುತ್ತದೆ ಅಂತ ನಮ್ಮಲ್ಲಿ ನಂಬಿಕೆ. ಆ ಬುಟ್ಟಿ ನಲವತ್ತು ವರ್ಷದಿಂದ ಸರ್ನೇಲಿಸ್ ಮಾಮನ ಕೈಯಲ್ಲಿತ್ತು.

ಮಾಮನಿಗೆ ಅದೇ ಆಸ್ತಿ, ಅದೇ ಪದವಿ. ಮನೆಗೆ ಹಂಚು ಹೊದಿಸಿರಲಿಲ್ಲ, ಆದರೆ ಬಸ್ಸಿನಲ್ಲಿ ಜನ ಎದ್ದು ಜಾಗ ಕೊಡುತ್ತಿದ್ದರು. ಅವನ ಅಹಂಕಾರವನ್ನೂ ನಾನು ಬಲ್ಲೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಗಿರಾಕಿ. ಬಾಬುನಪ್ಪುವಿಗೂ ಅವನಿಗೂ ಮೂವತ್ತು ವರ್ಷದ ಜಗಳ ಈ ಬುಟ್ಟಿಯದೇ. ನನಗೊಂದು ದಿನ ಕೊಡು ಅಂತ ಬಾಬುನಪ್ಪು, ನಾನು ಸತ್ತ ದಿನ ತಗೋ ಅಂತ ಮಾಮ. ಮದುವೆಮನೆ, ತಿಥಿಮನೆ ಅಂತ ನೋಡದೆ ಜಗಳ ಆಡುತ್ತಿದ್ದರು.

ಆದರೆ ಮಾಮನ ಕಣ್ಣಿಗೆ ಪೊರೆ ಬಂದಿತ್ತು. ಇದು ಊರಿಗೆಲ್ಲ ಗೊತ್ತು, ಅವನೊಬ್ಬ ಮಾತ್ರ ಒಪ್ಪುತ್ತಿರಲಿಲ್ಲ. ಅಂಗಳದಲ್ಲಿ ಸುತ್ತಿಟ್ಟ ಚಾಪೆಯನ್ನು ನಾಯಿ ಅಂದುಕೊಂಡು ಹಚಾ ಹಚಾ ಅಂದಿದ್ದನ್ನು ಅವನ ಹೆಂಡತಿ ಎಮಲಿನ್ ನೆಂದಾ, ಅಂದರೆ ನಮ್ಮತ್ತೆ, ನನ್ನ ಮುಂದೆ ಹೇಳಿಕೊಂಡು ನಕ್ಕಳು. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ನಮ್ಮ ದ್ವೀಪದವರು ಕ್ರಿಕೆಟ್ಟಿನಲ್ಲಿ ವಿಶ್ವಕಪ್ ಗೆದ್ದ ದಿನ ಊರೆಲ್ಲ ಯಜಮಾನನ ಮನೆಯ ಟಿವಿ ಮುಂದೆ ಸೇರಿತ್ತು. ಮಾಮನೂ ಬಂದಿದ್ದ. ನಮ್ಮ ಹುಡುಗರ ನೀಲಿ ಅಂಗಿ ನೋಡಿ, ಪಾಪ, ಒಗೆದು ಒಗೆದು ಬೂದಿ ಬಣ್ಣ ಆಗಿದೆ, ಸರ್ಕಾರದವರು ಹೊಸ ಬಟ್ಟೆ ಕೊಡಿಸಬಾರದಾ ಅಂದ. ಆಸ್ಟ್ರೇಲಿಯದವನು ಬೌಂಡರಿ ಹೊಡೆದಾಗ ಎಲ್ಲರಿಗಿಂತ ಮೊದಲು ಚಪ್ಪಾಳೆ ಹೊಡೆದವನೂ ಅವನೇ.

ಆ ವರ್ಷವೇ, ವೆಸಾಕ್ ಹಬ್ಬ, ಅಂದರೆ ಬುದ್ಧ ಹುಣ್ಣಿಮೆ, ಕಳೆದ ವಾರ, ಆ ಕಲ್ಲು ಬಂತು. ಹುಣಸೆ ಬೀಜಕ್ಕಿಂತ ದಪ್ಪ. ಬುಟ್ಟಿ ವಾಲಿಸಿದೊಡನೆ ನಮಗೆಲ್ಲ ಕಂಡಿತು. ಒಳ್ಳೆ ಗುಲಾಬಿಗೆಂಪು, ಒಳಗೆ ನೇರಳೆ ಹಣ್ಣು ತಿಂದ ನಾಲಿಗೆಯ ಬಣ್ಣ. ಗಾರ್ನೆಟ್ಟು. ನೋಡುವಂಥ ಗಾರ್ನೆಟ್ಟು, ಸುಳ್ಳು ಹೇಳುವುದಿಲ್ಲ, ಆದರೂ ಗಾರ್ನೆಟ್ಟೇ. ಅಗೆಯುವವನು ಆಗಲೇ ವೀಳ್ಯದ ಚೀಲಕ್ಕೆ ಕೈ ಹಾಕಿದ್ದ.

ಮಾಮ ಅದನ್ನು ಎರಡು ಬೆರಳಲ್ಲಿ ಹಿಡಿದು ಸೂರ್ಯನಿಗೆ ಎತ್ತಿದ. ನಾಲಿಗೆಯಿಂದ ನೆಕ್ಕಿ ಮತ್ತೆ ಎತ್ತಿದ.

“ಮಾಣಿಕ್ಯ,” ಅಂದ. “ಚೊಕ್ಕ ಕೆಂಪು. ನನ್ನ ಅಪ್ಪನೂ ಇಂಥದ್ದು ಕಂಡಿರ್ಲಿಲ್ಲ ಕಣ್ರೋ.”

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಬಾಬುನಪ್ಪು ಮಾತ್ರ ಹೇಗೋ ಬಾಯಿಬಿಟ್ಟ. ಅಲ್ಲ ಅನ್ನುವ ಹಾಗಿಲ್ಲವಲ್ಲ, ಅದಕ್ಕೆ ಸುತ್ತು ಬಳಸಿ, ಹಾಗಾದರೆ ಊದುವವನ ಹತ್ತಿರ ಕೊಟ್ಟು ಆ ನೇರಳೆ ಒಂದಿಷ್ಟು ತೆಗೆಸೋಣವಾ ಮಸ್ಸಿನಾ ಅಂತ ಕೇಳಿದ. ಭಾವ-ಮೈದುನರು ನಮ್ಮಲ್ಲಿ ಹಾಗೇ ಕರೆದುಕೊಳ್ಳುವುದು.

“ಯಾವ ನೇರಳೆ?” ಅಂದ ಮಾಮ.

ಬಾಬುನಪ್ಪು ನೀರು ನೋಡುತ್ತಾ ನಿಂತ. ಯಜಮಾನ ಕೆಮ್ಮಿದ. ಎಮಲಿನ್ ನೆಂದಾ ಗದ್ದೆಯ ಬದುವಿನ ಮೇಲೆ ನಿಂತಿದ್ದಳು, ಹೆಂಗಸರು ಗುಂಡಿಯ ಹತ್ತಿರ ಬರುವ ಹಾಗಿಲ್ಲವಾದ್ದರಿಂದ ಅವಳ ಜಾಗ ಅದೇ. ಏನಂತೆ ಏನಂತೆ ಅಂತ ಅಲ್ಲಿಂದಲೇ ಕೂಗಿದಳು. ಮಾಣಿಕ್ಯವಂತೆ ಅಂತ ನಾನು ಕೂಗಿದೆ. ಅವಳು ತಲೆ ಮೇಲೆ ಕೈ ಹೊತ್ತು ಅಲ್ಲೇ ಕುಳಿತಳು. ಸಂತೋಷಕ್ಕಲ್ಲ.

ಕಲ್ಲು ಇಟ್ಟುಕೊಳ್ಳುವ ಜವಾಬ್ದಾರಿ ನನ್ನದು. ಪಂಪಿನ ಮನೆಯಲ್ಲಿ ಬೀಗ ಇತ್ತು, ಬೀಗದೊಳಗೆ ಒಂದು ಹಾಲುಪುಡಿಯ ಡಬ್ಬಿ ಇತ್ತು. ಮಾರನೇ ದಿನ ನಾನು ಯಾರಿಗೂ ಹೇಳದೆ ಅದನ್ನು ಪೇಟೆಗೆ ಒಯ್ದೆ. ಎಲ್ಲೋ ನಾವೇ ತಪ್ಪಿರಬಹುದು ಅಂತ ಒಂದು ಆಸೆ. ಪರಿಚಯದವನೊಬ್ಬನ ಹತ್ತಿರ ಭಾರೀ ಜೋರಿನ ಅಯಸ್ಕಾಂತ ಇತ್ತು. ಬಟ್ಟಲಲ್ಲಿ ನೀರು ಹಾಕಿ, ಬೆಂಡಿನ ಚೂರು ತೇಲಿಬಿಟ್ಟು, ಅದರ ಮೇಲೆ ಕಲ್ಲಿಟ್ಟು, ಅಯಸ್ಕಾಂತ ಹತ್ತಿರ ತಂದ. ಮಾಣಿಕ್ಯವಾದರೆ ಜಪ್ಪಯ್ಯ ಅಂದರೂ ಅಲ್ಲಾಡುವುದಿಲ್ಲ. ಗಾರ್ನೆಟ್ಟಿನ ಒಳಗೆ ಕಬ್ಬಿಣದ ಅಂಶ ಇರುತ್ತದೆ. ನಮ್ಮ ಕಲ್ಲು ಕರು ತಾಯಿಯ ಕಡೆ ಹೋದ ಹಾಗೆ ಸೀದಾ ಹೋಯಿತು. ಅವನು ಸಮಾಧಾನಕ್ಕೆ, ಇದರ ಪುಡಿಯಲ್ಲಿ ಒಳ್ಳೆ ಉಜ್ಜುಗಾಗದ ಮಾಡುತ್ತಾರೆ ಗೊತ್ತಾ ಅಂದ. ಮನೆ ಬಾಗಿಲು ಉಜ್ಜುವುದಕ್ಕಾ ನಾನು ಇಷ್ಟು ದೂರ ಬಂದದ್ದು? ಚಹಾ ಕೂಡ ಕುಡಿಯದೆ ಎದ್ದು ಬಂದೆ.

ಇತ್ತ ಮಾಮ ಕಲ್ಲನ್ನು ಬಜಾರಿನಲ್ಲಿ ತಾನೇ ತೋರಿಸಬೇಕು ಅಂತ ಹಟ ಹಿಡಿದ. ರತ್ನಪುರದ ಬೀದಿಯಲ್ಲಿ ಬಿಳಿ ಸಾರಂಗು, ಅಂದರೆ ಲುಂಗಿ, ಉಟ್ಟ ನೂರು ದಲ್ಲಾಳಿಗಳ ನಡುವೆ ಅವನು ಮುಷ್ಟಿ ಬಿಚ್ಚಿ ಮಾಣಿಕ್ಯ ಅನ್ನುವುದು, ಅವರೆಲ್ಲ ನಗುವುದು, ಮಾರನೇ ದಿನ ಅವನ ಕೈಯಿಂದ ಬುಟ್ಟಿ ಹೋಗುವುದು, ಎಲ್ಲ ನಮ್ಮ ಕಣ್ಣಿಗೆ ಕಟ್ಟಿತ್ತು. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡ ಹಾಗಾಯಿತು ನಮ್ಮ ಕತೆ, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಒಂದು ವಾರ ಮಳೆ ಅಂದೆವು, ಒಂದು ವಾರ ರಾಹುಕಾಲ ಅಂದೆವು, ಇನ್ನೊಂದು ವಾರ ಜಪಾನಿನವರು ಬರುತ್ತಾರಂತೆ ಅಂದೆವು.

ಕೊನೆಗೆ ಉಪಾಯ ತೆಗೆದವನು ಬಾಬುನಪ್ಪು. ಪಕ್ಕದ ಊರಿನ ದೇವಸ್ಥಾನದಲ್ಲಿ ಕಣ್ಣಿನ ಶಿಬಿರ ನಡೆಯುವುದಿತ್ತು. ಹೋಗು ಅಂದರೆ ಮಾಮ ಹೋಗುವುದಿಲ್ಲ. ಅದಕ್ಕೆ ಬಾಬುನಪ್ಪು ಚಹಾ ಅಂಗಡಿಯಲ್ಲಿ ಕೂತು ಎಲ್ಲರಿಗೂ ಕೇಳುವ ಹಾಗೆ, ನಮ್ಮ ಮಸ್ಸಿನಾ ಹುಲಿಗೆ ಹೆದರೋನಲ್ಲ, ಡಾಕ್ಟರ ಸೂಜಿಗೆ ಮಾತ್ರ ಪಂಚೆ ಒದ್ದೆ ಮಾಡ್ಕೋತಾನೆ ಅಂದ. ಮಾತು ಮುಗಿಯುವ ಮೊದಲೇ ಅದು ಮಾಮನಿಗೆ ತಲುಪಿತು. ಮರುದಿನ ಬೆಳಗ್ಗೆ ಶಿಬಿರದ ಸಾಲಿನಲ್ಲಿ ಅವನೇ ಮೊದಲು. ಬಲಗಣ್ಣಿನ ಪೊರೆ ತೆಗೆದರು, ಎಡಗಣ್ಣಿನದು ಎರಡು ತಿಂಗಳ ಮೇಲೆ ಅಂದರು.

ಕಣ್ಣು ತಿಳಿಯಾದ ಮೇಲೆ ಕಲ್ಲನ್ನು ತಾನೇ ನೋಡುತ್ತಾನೆ, ತಾನೇ ಹೆಸರು ಬದಲಿಸುತ್ತಾನೆ, ಯಾರ ಬಾಯಿಂದಲೂ ಅಲ್ಲ ಅನ್ನುವ ಮಾತು ಬರಬೇಕಾಗಿಲ್ಲ. ಎಂಥ ಚೆಂದದ ಉಪಾಯ! ಅದರಲ್ಲಿ ನನ್ನ ಕುತ್ತಿಗೆ ಇದೆ ಅಂತ ಹೊಳೆಯಲೇ ಇಲ್ಲ.

ಹತ್ತು ದಿನಕ್ಕೆ ಪಟ್ಟಿ ಬಿಚ್ಚಿದ ಮೇಲೆ ಮಾಮ ಹೇಳಿ ಕಳಿಸಿದ. ಡಬ್ಬಿ ತಗೊಂಡು ಹೋದೆ. ಯಜಮಾನ, ಬಾಬುನಪ್ಪು ಜಗಲಿಯ ಮೇಲೆ ಮೊದಲೇ ಇದ್ದರು. ಮಾಮ ಕಪ್ಪು ಕನ್ನಡಕ ಹಾಕಿಕೊಂಡು ಮಂತ್ರಿಯ ಹಾಗೆ ಕೂತಿದ್ದ. ಕನ್ನಡಕ ತೆಗೆದು, ಕಲ್ಲನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದ. ಆಮೇಲೆ ನನ್ನ ಕಡೆ ತಿರುಗಿದ.

“ಮುದಲಾಳಿ, ನನ್ನ ಕಲ್ಲೆಲ್ಲಿ?”

ಅದೇ ಕಲ್ಲು ಮಾಮಾ ಅಂದೆ.

“ಇದು ಗಾರ್ನೆಟ್ಟು. ಕುರುಡನಿಗೂ ಗೊತ್ತಾಗತ್ತೆ. ನಾನು ಹತ್ತು ದಿನ ಕಣ್ಣಿಗೆ ಬಟ್ಟೆ ಕಟ್ಕೊಂಡು ಮಲಗಿದ್ದೆ, ನೀನು ನನ್ನ ಮಾಣಿಕ್ಯ ಎತ್ತಿ ಗಾರ್ನೆಟ್ಟು ಇಟ್ಟೆ. ನಿಮ್ಮಪ್ಪ ಒಳ್ಳೆಯವನಿದ್ದ ಕಣೋ.”

ನನಗೆ ಮೈಯೆಲ್ಲ ಉರಿದುಹೋಯಿತು. ಇಪ್ಪತ್ತು ವರ್ಷ ಆ ಡಬ್ಬಿ ಕಾದಿದ್ದೆ, ಒಂದು ಸಾಸಿವೆ ಕಾಳಿನಷ್ಟು ಕಲ್ಲು ಹೆಚ್ಚು ಕಡಿಮೆ ಆಗಿರಲಿಲ್ಲ. ಕಾಮಾಲೆ ಕಣ್ಣಿನವನಿಗೆ ಲೋಕವೆಲ್ಲ ಹಳದಿ ಅನ್ನುವ ಗಾದೆ ನಾಲಿಗೆ ತುದಿಗೆ ಬಂತು. ಅಂದಿದ್ದರೆ ಅಲ್ಲಿಗೆ ಅವನ ಬುಟ್ಟಿಯೂ ಹೋಗುತ್ತಿತ್ತು, ನಮ್ಮ ಸಂಬಂಧವೂ ಹೋಗುತ್ತಿತ್ತು. ಹಲ್ಲು ಕಚ್ಚಿಕೊಂಡು ಹೇಳಿದೆ, ಕಣ್ಣು ಬಿಡು, ಬೆರಳನ್ನು ಕೇಳು ಅಂತ.

ಮಾಮನ ಬೆರಳು ಅಂದರೆ ಬೆರಳು. ಕಣ್ಣು ಕೈಕೊಟ್ಟ ಮೇಲೆ ಅವನು ಅರ್ಧ ಕೆಲಸ ಹೆಬ್ಬೆರಳಲ್ಲೇ ಮಾಡುತ್ತಿದ್ದ ಅಂತ ಕಾಣುತ್ತದೆ. ಕಲ್ಲನ್ನು ತಿರುವಿ ತಿರುವಿ ಸವರಿದ. ಕೆಳಗಡೆ ಉಗುರಿನ ಚಂದ್ರದ ಹಾಗೆ ಒಂದು ಚೂರು ಕಿತ್ತಿತ್ತು, ಅಲ್ಲಿ ಹೆಬ್ಬೆರಳು ನಿಂತಿತು. ನಾಲಿಗೆ ತಾಗಿಸಿ ನೋಡಿದ. ಮುಖದ ಬಣ್ಣ ಇಳಿಯಿತು. ಬೆರಳು ಅದೇ ಅನ್ನುತ್ತದೆ, ಕಣ್ಣು ಅಲ್ಲ ಅನ್ನುತ್ತದೆ. ಇಬ್ಬರೂ ಅವನ ಹಳೇ ಆಳುಗಳು, ಯಾರನ್ನು ನಂಬುವುದು?

ಅಷ್ಟರಲ್ಲಿ ಹೊಸ ಕಣ್ಣಲ್ಲಿ ನೀರು ಬಂತು. ಅದನ್ನು ಅಂಗೈಯಲ್ಲಿ ಮುಚ್ಚಿಕೊಂಡ. ಮುಚ್ಚಿಕೊಂಡವನು ಹಾಗೇ ಕಲ್ಲಾಗಿ ಕೂತ. ಕೈ ತೆಗೆದ, ಎಡಗಣ್ಣು ಮುಚ್ಚಿದ. ಬಲಗಣ್ಣು ಮುಚ್ಚಿದ. ಮತ್ತೆ ಎಡ, ಮತ್ತೆ ಬಲ. ಒಂದು ಕಣ್ಣಿಗೆ ಮಾಣಿಕ್ಯ, ಒಂದು ಕಣ್ಣಿಗೆ ಗಾರ್ನೆಟ್ಟು. ಯಾವ ಕಡೆ ತಿರುಗಿಸಿದರೂ ಒಂದೇ ಬಣ್ಣ ತೋರಿಸುವ ಕಲ್ಲು ಆವತ್ತು ಸರ್ನೇಲಿಸ್ ಮಾಮನಿಗೆ ಎರಡು ಬಣ್ಣ ತೋರಿಸಿತು. ಜಗಲಿಯ ಮೇಲೆ ಕೂತು ಅವನು ಒಂದೊಂದೇ ಕಣ್ಣು ಮಿಟುಕಿಸುವುದನ್ನು ನೋಡಿ ದಾರಿಯಲ್ಲಿ ಹೋಗುತ್ತಿದ್ದ ಶಿಶುವಿಹಾರದ ಟೀಚರಮ್ಮ ಮುಖ ತಿರುಗಿಸಿಕೊಂಡು ಬೇಗ ಬೇಗ ನಡೆದಳು.

ನನಗೆ ನಗು ತಡೆಯಲಾಗಲಿಲ್ಲ, ನಕ್ಕೇಬಿಟ್ಟೆ. ಯಜಮಾನನೂ ನಕ್ಕ. ಮಾಮ ನಗಲಿಲ್ಲ. ತಾನು ಉಟ್ಟ ಸಾರಂಗು ನೋಡಿಕೊಂಡ. ಅದರ ಬಣ್ಣ ಏನು ಅಂತ ಒಳಗಿದ್ದ ಹೆಂಡತಿಯನ್ನು ಕೇಳಿದ. ನೀಲಿ ಅಂದಳು ಅವಳು. ಎಷ್ಟು ವರ್ಷದಿಂದ ನೀಲಿ ಅಂತ ಕೇಳಿದ. ತಂದ ದಿನದಿಂದ, ನಾಲ್ಕು ವರ್ಷ ಆಯಿತು ಅಂದಳು. ಅವನು ಆಕಾಶ ನೋಡಿದ. ಸರಕ್ಕನೆ ಎದ್ದು, ಚಪ್ಪಲಿ ಕೂಡ ಮೆಟ್ಟದೆ ಗುಂಡಿಯ ಕಡೆ ಹೊರಟ.

ನಾವು ಹಿಂದೆ ಓಡಿದೆವು. ನನಗೆ ಭಯ ಹಿಡಿಯಿತು, ಗುಂಡಿ ಮೂವತ್ತಡಿ ಆಳ ಇತ್ತು. ಅವನು ಗುಂಡಿಯ ಹತ್ತಿರ ಹೋಗಲಿಲ್ಲ. ಎಸೆದ ಜಲ್ಲಿಯ ದಿಬ್ಬದ ಮುಂದೆ ನಿಂತ. ಈ ಗುಂಡಿ ತೋಡಿದ ಆರು ವರ್ಷದಲ್ಲಿ ಅವನ ಕೈಯಾರೆ ಎಸೆದದ್ದು, ಆಳೆತ್ತರ ಆಗಿತ್ತು. ಮೇಲೆ ಹುಲ್ಲು ಬೆಳೆದಿತ್ತು.

ನಮಗೆ ಅನ್ನ ಹಾಕುವುದು ಮಾಣಿಕ್ಯ ಅಲ್ಲ, ಅದು ಜನ್ಮಕ್ಕೊಂದು ಸಲ. ಅನ್ನ ಹಾಕುವುದು ನೀಲ. ಅದೂ ತೆಳು ನೀಲ, ನೀರಿಗೆ ಒಂದು ಹನಿ ಮಸಿ ಬಿಟ್ಟಂಥದ್ದು. ನೀಲಿಯೇ ಕಾಣದವನ ಕಣ್ಣಿಗೆ ಅದು ಬರೀ ಬೆಣಚು ಕಲ್ಲು. ಮಾಮ ತಲೆಗೆ ಸುತ್ತಿದ ಬಟ್ಟೆ ಬಿಚ್ಚಿ, ಗೂಟಕ್ಕೆ ತೂಗುಹಾಕಿದ್ದ ತನ್ನ ಬುಟ್ಟಿ ತೆಗೆದು, ಬಟ್ಟೆಯನ್ನು ಅದರಲ್ಲಿಟ್ಟು ಬಾಬುನಪ್ಪುವಿನ ಕಾಲ ಹತ್ತಿರ ಇಟ್ಟ.

“ಈ ದಿಬ್ಬ ಪೂರ್ತಿ ಮತ್ತೆ ತೊಳೀಬೇಕು,” ಅಂದ. “ನೀನೇ ತೊಳಿ. ಎಷ್ಟು ಜನರ ಅನ್ನ ಎಸೆದಿದೀನೋ ಗೊತ್ತಿಲ್ಲ. ನಾನಿನ್ನು ಮುಟ್ಟಲ್ಲ.”

ಮೂವತ್ತು ವರ್ಷ ಬೇಡಿದ್ದು ಕಾಲಬುಡಕ್ಕೆ ಬಂದಿತ್ತು. ಬಾಬುನಪ್ಪು ಅದನ್ನು ನೋಡುತ್ತಾ ತಲೆ ಕೆರೆದುಕೊಂಡ.

“ಬೇಡ ಮಸ್ಸಿನಾ,” ಅಂದ. “ತೊಳ್ದಾಗಿದೆ.”

“ಏನು ತೊಳ್ದಾಗಿದೆ?”

“ದಿಬ್ಬ. ಪ್ರತಿ ಸಲಾನೂ. ನೀನು ಊಟಕ್ಕೆ ಹೋದ ಮೇಲೆ ನಾನೊಂದ್ಸಲ ಕೈಯಾಡಿಸ್ತಿದ್ದೆ.”

“ಸಿಕ್ಕಿದ್ದು?”

ಈ ಪ್ರಶ್ನೆಗೆ ಉತ್ತರ ನಾನು ಕೊಡಬೇಕಾಯಿತು. ಡಬ್ಬಿಗೆ ಹಾಕುತ್ತಿದ್ದೆವು ಅಂದೆ. ಸಂಜೆ ಡಬ್ಬಿ ತೆಗೆದಾಗ, ಇವತ್ತು ಎಷ್ಟು ಚೆನ್ನಾಗಿ ಆರಿಸಿದೆ ಮಾಮಾ ಅನ್ನುತ್ತಿದ್ದೆವು. ಅವನೂ ಹೂಂ ಅನ್ನುತ್ತಿದ್ದ. ಎಷ್ಟೋ ಸಲ ಚಹಾ ಅಂಗಡಿಯಲ್ಲಿ, ಸೋಮವಾರ ನಾನು ಹಿಡಿದ ನೀಲ ನೋಡಿದ್ರಾ ಅಂತ ಎದೆಯುಬ್ಬಿಸಿ ಹೇಳಿದ್ದೂ ಉಂಟು. ಬಾಬುನಪ್ಪು ಎದುರಿಗೇ ಕೂತು, ಕಣ್ಣು ಅಂದ್ರೆ ಅದು ಅನ್ನುತ್ತಿದ್ದ. ಆಮೇಲೆ ಯಾರಿಗೂ ಅನುಮಾನ ಬರಬಾರದು ಅಂತ, ಬುಟ್ಟಿ ನನಗೆ ಯಾವಾಗ ಕೊಡ್ತೀಯಾ ಅಂತ ಜಗಳ ತೆಗೆಯುತ್ತಿದ್ದ. ನನಗೆ ಆ ಹೊತ್ತಿನಲ್ಲಿ ಈ ಹರಕುಬಾಯಿಯ ಬಾಬುನಪ್ಪುವಿನ ಮೇಲೆ ಎಷ್ಟು ಪ್ರೀತಿ ಬಂತೆಂದರೆ, ಅದನ್ನು ತೋರಿಸಬಾರದು ಅಂತ ಪಂಪಿನ ಪೈಪು ಸರಿಮಾಡಲು ಹೋದೆ.

ಮಾಮ ಬೈದ. ಒಬ್ಬೊಬ್ಬರ ಹೆಸರು ಹಿಡಿದು, ವಂಶವನ್ನೂ ಸೇರಿಸಿ ಬೈದ. ಆರು ವರ್ಷ ನನ್ನನ್ನು ಬೊಂಬೆ ಥರ ನೀರಲ್ಲಿ ನಿಲ್ಲಿಸಿ ಕುಣಿಸಿದಿರಲ್ಲ ಅಂದ. ನನ್ನನ್ನು ಕಳ್ಳ ಅಂದದ್ದಕ್ಕೆ ಕ್ಷಮೆ ಕೇಳಲಿಲ್ಲ, ಬೈಗುಳದ ನಡುವೆ ನನ್ನೊಬ್ಬನನ್ನು ಮಾತ್ರ ಬಿಟ್ಟ. ಅದನ್ನೇ ಕ್ಷಮೆ ಅಂದುಕೊಂಡೆ. ಬೈದು ಸುಸ್ತಾಗಿ ದಿಬ್ಬದ ಮೇಲೆ ಕೂತು, ಎರಡೂ ಕಣ್ಣು ಒರೆಸಿಕೊಂಡ. ಡಾಕ್ಟರು ಉಜ್ಜಬಾರದು ಅಂದಿದ್ದರು.

ಕಲ್ಲು ಯಾರಿಗೂ ಬೇಡವಾಯಿತು. ಮಾಮನೇ ಅದನ್ನು ಸಾಣೆಗೆ ಕೊಟ್ಟು ಎಮಲಿನ್ ನೆಂದಾಳಿಗೆ ಉಂಗುರ ಮಾಡಿಸಿದ. ಕೊಡುವಾಗ, ನಿನಗೆ ಚೆನ್ನಾಗಿ ಒಪ್ಪುತ್ತದೆ ಅಂದನಂತೆ. ಯಾವ ಕಣ್ಣಲ್ಲಿ ನೋಡಿ ಹೇಳ್ತಿದೀರಾ ಅಂತ ಅವಳು ಕೇಳಿದಳಂತೆ.

ಬಾಬುನಪ್ಪು ಬುಟ್ಟಿ ಹಿಡಿದದ್ದು ಒಂದೇ ಒಂದು ದಿನ. ದೀಪ ಹಚ್ಚಿದೆವು, ನೀರಿಗಿಳಿದ. ಮಾಮ ದಂಡೆಯ ಮೇಲೆ ನಿಂತ. ಈಗ ಎಡಗಣ್ಣೂ ತಿಳಿಯಾಗಿತ್ತು, ಹದ್ದಿನ ಹಾಗೆ ಕಾಣುತ್ತಿತ್ತು. ಎಡಕ್ಕೆ ವಾಲಿತು ಅಂದ. ನೀರು ಜಾಸ್ತಿ ಅಂದ. ಸೊಂಟ ತಿರುಗಿಸು, ಕೈಯಲ್ಲ ಅಂದ. ಅಗೋ ಅಲ್ಲಿ, ಕಡ್ಡಿ ಪಕ್ಕ, ಬಿಟ್ಟೆಯಲ್ಲೋ ಅಂದ. ಹತ್ತನೇ ಬುಟ್ಟಿಗೆ ಬಾಬುನಪ್ಪುವಿನ ತಾಳ್ಮೆ ಮುಗಿಯಿತು. ಬುಟ್ಟಿಯನ್ನು ದಂಡೆಗೆ ಎಸೆದು, ಸಾಯೋ ತನಕ ನೀನೇ ಹಿಡ್ಕೋ, ಈ ಕಾಟ ನನಗೆ ಬೇಡ ಅಂತ ಮೇಲೆ ಹತ್ತಿದ.

ಮಾಮ ಅವನ ಮುಖ ನೋಡಿದ, ನಮ್ಮ ಮುಖ ನೋಡಿದ. ಸಾರಂಗು ಎತ್ತಿ ಕಟ್ಟಿ ನೀರಿಗಿಳಿದ. ಮಧ್ಯಾಹ್ನದವರೆಗೂ ತೊಳೆದ. ಕೊನೆಯ ಬುಟ್ಟಿ ಬಿಸಿಲಿಗೆ ವಾಲಿಸಿ, ಎರಡು ತೆಳು ನೀಲ, ಒಂದಿಷ್ಟು ಗಾರ್ನೆಟ್ ಆರಿಸಿ ನನ್ನ ಡಬ್ಬಿಗೆ ಹಾಕಿದ. ಬದುವಿನ ಮೇಲಿಂದ ಎಮಲಿನ್ ನೆಂದಾ ಊಟ ಆರಿಹೋಗುತ್ತೆ ಅಂತ ಕೂಗಿದಳು. ಮಾಮ ಉಳಿದ ಜಲ್ಲಿಯನ್ನು ದಿಬ್ಬಕ್ಕೆ ಎಸೆಯಲಿಲ್ಲ. ಬುಟ್ಟಿ ಹಿಡಿದುಕೊಂಡೇ ದಂಡೆಗೆ ಬಂದು ಬಾಬುನಪ್ಪುವಿನ ಮುಂದೆ ಚಾಚಿದ.

“ನಾನು ಊಟಕ್ಕೆ ಹೋಗಲ್ಲ,” ಅಂದ. “ನೋಡೋದಿದ್ರೆ ನನ್ನೆದುರಿಗೇ ನೋಡು.”

ಬಾಬುನಪ್ಪು ಬುಟ್ಟಿಯ ಮೇಲೆ ಬಗ್ಗಿ ನಿಧಾನವಾಗಿ ಬೆರಳಾಡಿಸಿದ. ಅವನು ಮುಗಿಸುವ ತನಕ ಮಾಮ ಬುಟ್ಟಿ ಅಲ್ಲಾಡಿಸದೆ ಹಿಡಿದುಕೊಂಡಿದ್ದ.